ಹಳೆಯ ರಾಕ್ ಬ್ಯಾಂಡ್‌ಗಳು ಒಳಜಗಳದಿಂದ ಒಡೆಯುವುದೇಕೆ?

ಹುಬ್ಬಳ್ಳಿಯಲ್ಲಿ ಗೆಳೆಯರೊಂದಿಗೆ ಬ್ಯಾಂಡ್ ಕಟ್ಟಿರುವ ನೀವು, ವರ್ಷಗಟ್ಟಲೆ ಒಟ್ಟಿಗೆ ನುಡಿಸಿದವರು ಒಂದೇ ರಾತ್ರಿಯಲ್ಲಿ ಬೇರೆಯಾಗುವುದು ಹೇಗೆ ಎಂದು ಕೇಳಿದ್ದೀರಿ. ಆ ರಾತ್ರಿ ಹಳೆಯ ಮುನಿಸಿನ ಕೊನೆಯ ಕಂತು ಮಾತ್ರ.

2009ರ ಆಗಸ್ಟ್ 28ರಂದು ಪ್ಯಾರಿಸ್‌ನಲ್ಲಿ ವೇದಿಕೆ ಏರುವ ಮುನ್ನವೇ ಬ್ರಿಟನ್ನಿನ ರಾಕ್ ಬ್ಯಾಂಡ್ ಓಯಸಿಸ್‌ನ ಗ್ಯಾಲಗರ್ ಸಹೋದರರು ಜಗಳವಾಡಿ, ಗಿಟಾರೊಂದು ಪುಡಿಯಾಗಿ, ಅಣ್ಣ ನೋಯೆಲ್ ತಂಡ ಬಿಟ್ಟರು. ಆದರೆ ಬಹುಪಾಲು ಹಾಡುಗಳನ್ನು ಬರೆಯುವವರು ಅಣ್ಣ, ಅವನ್ನು ಹಾಡುವವರು ತಮ್ಮ ಲಿಯಾಮ್ ಆಗಿದ್ದುದರಿಂದ ತಂಡ ಯಾರದು ಎಂಬ ತಕರಾರು ಮೊದಲಿನಿಂದಲೂ ಹೊಗೆಯಾಡುತ್ತಿತ್ತು. ಇದರಲ್ಲಿ ಹಣವೂ ಸೇರಿದೆ: ಹಾಡು ಬರೆದವರಿಗೆ ಬರುವ ರಾಯಲ್ಟಿಯಲ್ಲಿ ಡ್ರಮ್ ಬಾರಿಸುವವರಿಗೆ ಸಾಮಾನ್ಯವಾಗಿ ಪಾಲಿರುವುದಿಲ್ಲ. ಬೀಟಲ್ಸ್‌ನಲ್ಲಿ ತಮ್ಮ ಹಾಡುಗಳಿಗೆ ಜಾಗ ಸಾಲದೆಂಬ ಬೇಸರವಿದ್ದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ 1969ರ ಜನವರಿಯಲ್ಲಿ ತಾಲೀಮಿನ ನಡುವೆಯೇ ಎದ್ದು ಹೋಗಿ ಕೆಲವು ದಿನಗಳ ನಂತರ ಮರಳಿದರು. ತಂಡದ ವ್ಯವಹಾರ ಯಾರ ಕೈಯಲ್ಲಿರಬೇಕೆಂಬ ವಿವಾದ 1970ರ ಡಿಸೆಂಬರ್ 31ರಂದು ಅದೇ ತಂಡದ ಪಾಲ್ ಮೆಕಾರ್ಟ್ನಿಯವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿತು.

ಧಾರವಾಡದ ಬೈಠಕ್‌ಗಳಲ್ಲಿ ಗಾಯಕರೇ ಯಜಮಾನರು. ತಬಲಾ ಸಾಥ್ ನೀಡುವವರು ಬದಲಾದರೂ ಕಛೇರಿ ನಿಲ್ಲದು. ಬ್ಯಾಂಡ್‌ಗೆ ಈ ಅನುಕೂಲವಿಲ್ಲ. ಗ್ಯಾಲಗರ್ ಸಹೋದರರು ಓಯಸಿಸ್ ಹೆಸರಿನಲ್ಲಿ ಮತ್ತೆ ಒಂದೇ ವೇದಿಕೆ ಏರಿದ್ದು 2025ರ ಜುಲೈನಲ್ಲಿ.