ಕುಂಬಾರಿಕೆ ಕಲಿಯುವುದಾದರೆ ತಿಗರಿ ನೋಡಿ ಸೇರಬೇಡಿ, ಆವಿಗೆ ನೋಡಿ ಸೇರಿ

ನೀವು ಕೇಳಿರುವುದು ಮೂರು ಪ್ರಶ್ನೆ. ನಲವತ್ತಮೂರನೆಯ ವಯಸ್ಸಿನಲ್ಲಿ, ಚಿತ್ರ ಬಿಡಿಸಲೂ ಬಾರದ ಕೈಗೆ ಕುಂಬಾರಿಕೆ ಒಲಿಯುತ್ತದೆಯೇ? ಮೈಸೂರಿನಲ್ಲಿ ಭಾನುವಾರದ ಎರಡು ಗಂಟೆಯ ಕಾರ್ಯಾಗಾರ ಸಾಕೇ, ತಿಂಗಳುಗಟ್ಟಲೆಯ ತರಗತಿಯೇ ಬೇಕೇ? ಮನೆಗೆ ಒಂದು ತಿಗರಿ, ಅಂದರೆ ಕುಂಬಾರನ ಚಕ್ರ, ಕೊಂಡುಕೊಳ್ಳಬಹುದೇ?

ಮೊದಲನೆಯದಕ್ಕೆ ಉತ್ತರ: ಖಂಡಿತ ಒಲಿಯುತ್ತದೆ. ಚಿತ್ರ ಬಿಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಬೇಗ ಕೈ ಕುದುರಿದ್ದು ನಿವೃತ್ತ ಲೆಕ್ಕಪರಿಶೋಧಕರೊಬ್ಬರಿಗೆ. ಅವರಿಗೆ ಅವಸರವಿರಲಿಲ್ಲ, ಅಷ್ಟೇ.

ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿ ಉತ್ತರಿಸಬೇಕು. ಹೊಸಬರು ಎಡವುವುದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ಎರಡು ಗಂಟೆಯ ಕಾರ್ಯಾಗಾರದಲ್ಲಿ ನಡೆಯುವುದು ಇಷ್ಟು: ಯಾರೋ ಹದಮಾಡಿದ ಮಣ್ಣನ್ನು ಯಾರೋ ತಿಗರಿಯ ನಡುವೆ ಕೂರಿಸಿಕೊಡುತ್ತಾರೆ. ನಿಮ್ಮ ಕೈಯ ಮೇಲೆ ಕಲಿಸುವವರ ಕೈ ಬರುತ್ತದೆ, ಬಟ್ಟಲೊಂದು ಏಳುತ್ತದೆ, ಫೋಟೋ ಆಗುತ್ತದೆ. ಆ ಬಟ್ಟಲನ್ನು ಒಣಗಿಸುವವರು, ಅದರ ತಳ ಕೆತ್ತುವವರು, ಸುಡುವವರು ಬೇರೆಯವರು. ಅದರಲ್ಲಿ ಸಂತೋಷವಿದೆ, ಇಲ್ಲವೆನ್ನುವುದಿಲ್ಲ. ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಕಲಿಯಬೇಕು ಎಂದು ಮನಸ್ಸು ಮಾಡಿದ್ದರೆ, ಮಣ್ಣು ನಾದುವ ದಿನದಿಂದ ಆವಿಗೆಯ, ಅಂದರೆ ಪಾತ್ರೆ ಸುಡುವ ಗೂಡಿನ, ಬಾಗಿಲು ತೆಗೆಯುವ ದಿನದವರೆಗೆ ನಿಮ್ಮನ್ನು ಜೊತೆಯಲ್ಲಿಟ್ಟುಕೊಳ್ಳುವ ತರಗತಿಯನ್ನೇ ಹುಡುಕಿ. ತಿಗರಿ ಎಷ್ಟು ಹೊಸದು, ಸ್ಟುಡಿಯೋ ಎಷ್ಟು ಚೆಂದ ಎನ್ನುವುದೆಲ್ಲ ಆಮೇಲಿನ ಮಾತು.

ಹೀಗೆ ಹೇಳಲು ಕಾರಣವಿದೆ. ತಿಗರಿಯ ಮೇಲಿನ ಮಣ್ಣಿನ ತೂಕದಲ್ಲಿ ಐದರಲ್ಲೊಂದು ಭಾಗ ಅಥವಾ ಅದಕ್ಕೂ ತುಸು ಹೆಚ್ಚು ಬರೀ ನೀರು. ಆ ನೀರು ಹೊರಗೆ ಹೋಗುವಾಗ ಪಾತ್ರೆ ಕುಗ್ಗುತ್ತದೆ. ಒಣಗಿ, ಸುಟ್ಟು ಮುಗಿಯುವ ಹೊತ್ತಿಗೆ ಶೇ 10ರ ಆಸುಪಾಸು ಚಿಕ್ಕದಾಗಿರುತ್ತದೆ. ಮಣ್ಣಿನ ಜಾತಿಯ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ಪಾತ್ರೆಯ ಎಲ್ಲ ಭಾಗವೂ ಒಂದೇ ಸಮನೆ ಕುಗ್ಗಿದರೆ ತೊಂದರೆಯಿಲ್ಲ. ಅಂಚು ತೆಳ್ಳಗೆ, ತಳ ದಪ್ಪ ಇದ್ದರೆ ಅಂಚು ಮೊದಲು ಒಣಗಿ ಬಿಗಿಯುತ್ತದೆ, ತಳ ಇನ್ನೂ ಹಸಿಯಾಗಿರುತ್ತದೆ, ನಡುವೆ ಬಿರುಕು ಬಿಡುತ್ತದೆ. ತಿಗರಿಯ ಮೇಲೆ ತಳವನ್ನು ಒತ್ತಿ ಗಟ್ಟಿ ಮಾಡದೆ ಬಿಟ್ಟರೂ ಅಷ್ಟೇ. ಒಣಗುವಾಗ ತಳದ ನಡುವೆ ಹಾವಿನಾಕಾರದ ಸೀಳು ಕಾಣಿಸಿಕೊಳ್ಳುತ್ತದೆ. ತಿಗರಿಯ ಮುಂದೆ ಮಾಡಿದ ತಪ್ಪು ವಾರದ ಮೇಲೆ ಕಪಾಟಿನಲ್ಲಿ ಕಾಣುತ್ತದೆ. ಆ ವಾರವನ್ನು ನೀವೇ ನೋಡದಿದ್ದರೆ ತಪ್ಪು ಯಾವುದೆಂದು ತಿಳಿಯುವುದಾದರೂ ಹೇಗೆ?

ಇದರಲ್ಲಿ ನಮ್ಮ ಊರಿನ ಹವೆಯ ಪಾಲೂ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಮಾಡಿಟ್ಟ ಬಟ್ಟಲಿನ ಅಂಚು ಸಂಜೆಯೊಳಗೆ ಗಟ್ಟಿಯಾಗಿಬಿಡುತ್ತದೆ. ಪ್ಲಾಸ್ಟಿಕ್ ಹೊದಿಸಿ ಒಣಗುವುದನ್ನು ತಡೆಯಬೇಕು. ಜುಲೈನ ಜಿಟಿಜಿಟಿ ಮಳೆಯಲ್ಲಿ ಅದೇ ಬಟ್ಟಲು ದಿನಗಟ್ಟಲೆ ತೇವವಾಗಿಯೇ ಕುಳಿತಿರುತ್ತದೆ. ಹೊಸಬರಿಗೆ ಮಳೆಗಾಲವೇ ವಾಸಿ ಎನ್ನುತ್ತೇನೆ. ಮಣ್ಣು ಕಾಯುತ್ತದೆ, ತಳ ಕೆತ್ತಲು ಬೇಕಾದ ಆ ಗಟ್ಟಿ ಹದ, ಅಂದರೆ ಬೆರಳು ಒತ್ತಿದರೆ ಗುರುತು ಬೀಳದ ಆದರೆ ಉಗುರು ಗೀರಿದರೆ ಸುಲಿಯುವ ಹದ, ಕೈ ತಪ್ಪಿ ಹೋಗುವುದಿಲ್ಲ.

ಸುಡುವುದರ ಬಗ್ಗೆಯೂ ಒಂದು ಮಾತು. ಮಣ್ಣಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಆವಿಗೆಯಲ್ಲಿ ಪಾತ್ರೆ ಸಿಡಿಯುತ್ತದೆ ಎಂದು ಎಲ್ಲರೂ ಹೇಳುವುದನ್ನು ಕೇಳುತ್ತೀರಿ. ಸಿಡಿಸುವುದು ಗಾಳಿಯಲ್ಲ, ನೀರು. ಪೂರ್ತಿ ಒಣಗದ ಗೋಡೆಯೊಳಗಿನ ತೇವ 100 ಡಿಗ್ರಿ ದಾಟುತ್ತಲೇ ಹಬೆಯಾಗಿ, ಹೊರಗೆ ಬರಲು ದಾರಿಯಿಲ್ಲದೆ ಗೋಡೆಯನ್ನೇ ಒಡೆಯುತ್ತದೆ. ಅದಕ್ಕೇ ಮೊದಲ ಕೆಲವು ಗಂಟೆ ಉರಿ ಮೆಲ್ಲಗಿರಬೇಕು. ಸುಮಾರು 500 ಡಿಗ್ರಿಯ ಆಚೆಗೆ ಮಣ್ಣಿನ ಕಣದೊಳಗೇ ಬೆಸೆದುಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದಾಚೆ ಆ ಪಾತ್ರೆಯನ್ನು ನೀರಿಗೆ ಹಾಕಿದರೂ ಮತ್ತೆ ಕೆಸರಾಗದು. 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಹರಳು ಸ್ವಲ್ಪ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಕುತೂಹಲ ತಡೆಯಲಾರದೆ ಬಿಸಿ ಆವಿಗೆಯ ಬಾಗಿಲು ತೆಗೆದರೆ ಟಿಣ್ ಎಂದು ಸದ್ದಾಗುತ್ತದಲ್ಲ, ಅದು ಪಾತ್ರೆಯೋ ಅದರ ಮೇಲಿನ ಗಾಜಿನ ಲೇಪವೋ ಬಿರಿದ ಸದ್ದು. ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಸುಡುತ್ತಾರೆ: ಮೊದಲು 1000 ಡಿಗ್ರಿಯ ಸುತ್ತಮುತ್ತ, ಆಮೇಲೆ ಗ್ಲೇಜ್ ಹಚ್ಚಿ, ಹೆಚ್ಚಿನ ಶಾಖಕ್ಕೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣಾದರೆ 1200ರಿಂದ 1300ರೊಳಗೆ. ಗ್ಲೇಜ್ ಎಂದರೆ ಪಾತ್ರೆಯ ಮೈಮೇಲೆ ಕರಗಿ ಕೂರುವ ಗಾಜು. ತಳಕ್ಕೆ ಹತ್ತಿದ ಗ್ಲೇಜನ್ನು ಒರೆಸದೆ ಇಟ್ಟರೆ ಪಾತ್ರೆ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತದೆ.

ಆದ್ದರಿಂದ ತರಗತಿಗೆ ಹಣ ಕಟ್ಟುವ ಮೊದಲು ಹೋಗಿ ಸುಮ್ಮನೆ ಒಂದು ಗಂಟೆ ಕುಳಿತು ನೋಡಿ. ಕಲಿಯುವವರೇ ಮಣ್ಣು ನಾದುತ್ತಾರೆಯೇ? ಕಪಾಟಿನಲ್ಲಿ ಅರ್ಧ ಒಣಗಿದ, ಸೊಟ್ಟಗಿರುವ, ಹೆಸರು ಗೀಚಿದ ಪಾತ್ರೆಗಳಿವೆಯೇ? ಇದ್ದರೆ ಅಲ್ಲಿ ನಿಜವಾಗಿ ಕಲಿಕೆ ನಡೆಯುತ್ತಿದೆ. ಎಲ್ಲವೂ ಅಂಗಡಿಯ ಸಾಮಾನಿನಂತೆ ನಯವಾಗಿದ್ದರೆ ತಿದ್ದುವ ಕೈ ಬೇರೆಯವರದು. ಶುಲ್ಕದಲ್ಲಿ ಮಣ್ಣು, ಗ್ಲೇಜ್, ಸುಡುವ ಖರ್ಚು ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಆಮೇಲೆ ತೂಕದ ಲೆಕ್ಕದಲ್ಲಿ ಬೇರೆ ಹಣ ಕೇಳುವ ಕಡೆಗಳೂ ಇವೆ. ತರಗತಿ ಇಲ್ಲದ ದಿನ ಬಂದು ಅಭ್ಯಾಸ ಮಾಡಬಹುದೇ ಎನ್ನುವುದು ಇನ್ನೂ ಮುಖ್ಯ. ವಾರಕ್ಕೆ ಒಂದು ದಿನ ಮಾತ್ರ ಮಣ್ಣು ಮುಟ್ಟಿದರೆ ಕೈ ಪ್ರತಿ ವಾರವೂ ಮರೆಯುತ್ತದೆ.

ನಮಗೆ ಕಲಿಸಿದ ಮೇಡಂ ಮೊದಲ ವಾರಗಳಲ್ಲಿ ತಿಗರಿಯ ಹತ್ತಿರಕ್ಕೇ ಬಿಡಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣುಂಡೆ ಕೊಟ್ಟು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಣತೆ, ಕುಡಿಕೆ ಮಾಡಿಸಿದರು. ಆಮೇಲೆ ಹುರಿ ಹೊಸೆದು ಸುತ್ತಿ ಹೂದಾನಿ. ಗೋಡೆ ಎಷ್ಟು ದಪ್ಪ ಎಂದು ಬೆರಳಿಗೆ ತಿಳಿಯುವುದು ಈ ಕೆಲಸದಲ್ಲಿ. ಹಣತೆ ಸಣ್ಣ ಕೆಲಸವೆಂದು ತಳ್ಳಿಹಾಕಬೇಡಿ. ಅಂಚು ಬಿರಿಯದಂತೆ, ಬತ್ತಿಯ ಮೂತಿ ಸೊರಗದಂತೆ ಹತ್ತು ಹಣತೆ ಒಂದೇ ಅಳತೆಗೆ ಮಾಡಿ ನೋಡಿ, ಗೊತ್ತಾಗುತ್ತದೆ. ನಾದುವುದೂ ಹಾಗೆಯೇ. ಚಪಾತಿ ಹಿಟ್ಟಿನಂತೆ ಮಡಚಿ ಮಡಚಿ ನಾದಿದರೆ ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮಣ್ಣನ್ನು ಮುಂದಕ್ಕೆ ಒತ್ತಿ, ಹಿಂದಕ್ಕೆ ಉರುಳಿಸಿ, ಮೈಯ ಭಾರ ಹಾಕಿ ನಾದಬೇಕು. ಸಿಡಿಯುವುದಕ್ಕೆ ಗಾಳಿ ಕಾರಣವಲ್ಲದಿದ್ದರೂ, ಗುಳ್ಳೆಯಿರುವ ಮಣ್ಣು ತಿಗರಿಯ ಮೇಲೆ ಓಲಾಡುತ್ತದೆ.

ತಿಗರಿಯ ಮೊದಲ ಪಾಠ ಮಣ್ಣನ್ನು ನಡುವಿಗೆ ತರುವುದು. ಇಲ್ಲಿ ತೋಳಿನ ಬಲ ಕೆಲಸಕ್ಕೆ ಬಾರದು. ಎಡ ಮೊಣಕೈಯನ್ನು ತೊಡೆಗೋ ಸೊಂಟಕ್ಕೋ ಊರಿ, ಎಡಗೈಯ ಬುಡವನ್ನು ಮಣ್ಣಿನ ಪಕ್ಕಕ್ಕೆ ಕೊಟ್ಟು, ಬಲಗೈಯಿಂದ ಮೇಲಿನಿಂದ ಒತ್ತಿ. ಮಣ್ಣು ಕೈಯನ್ನು ಅಲ್ಲಾಡಿಸಲು ನೋಡುತ್ತದೆ, ಕೈ ಅಲ್ಲಾಡಬಾರದು. ಸ್ವಲ್ಪ ಹೊತ್ತಿನ ಮೇಲೆ ಅಂಗೈಗೆ ತಟ್ಟುತ್ತಿದ್ದ ಕುಲುಕು ನಿಂತುಹೋಗುತ್ತದೆ. ತಿಗರಿ ತಿರುಗುತ್ತಿದ್ದರೂ ಮಣ್ಣು ನಿಂತಂತೆ ಕಾಣುತ್ತದೆ. ಆಗ ಕೈಯನ್ನು ಥಟ್ಟನೆ ತೆಗೆಯಬೇಡಿ, ನಿಧಾನವಾಗಿ ಸಡಿಲಿಸಿ. ಈ ಒಂದು ಹಂತಕ್ಕೆ ವಾರಗಳೇ ಹಿಡಿಯುತ್ತವೆ, ಯಾರಿಗಾದರೂ. ನೀರು ಹೆಚ್ಚು ಹಾಕಿದರೆ ಮಣ್ಣು ಸೋತು ಕುಸಿಯುತ್ತದೆ. ಕೈ ಜಾರುವಷ್ಟು ಸಾಕು.

ಬಟ್ಟಲು ಎದ್ದು ನಿಂತ ಮೇಲೆ ಮೇಡಂ ಅದನ್ನು ತಂತಿಯಿಂದ ನಡುವೆ ಸೀಳಿಸುತ್ತಿದ್ದರು. "ಇದೊಂದನ್ನು ಬಿಡಿ ಮೇಡಂ, ಮನೆಯಲ್ಲಿ ತೋರಿಸುತ್ತೇನೆ" ಎಂದು ಒಬ್ಬರು ಗೋಗರೆದಾಗ ಅವರು, "ಒಳಗೆ ಏನಾಗಿದೆ ಎಂದು ನೀವೇ ನೋಡಿಲ್ಲ, ಮನೆಯವರಿಗೆ ಏನು ತೋರಿಸುತ್ತೀರಿ?" ಎಂದರು. ಸೀಳಿದ ಅರ್ಧವನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಗೋಡೆ ಬುಡದಲ್ಲಿ ಎಷ್ಟು ದಪ್ಪ ಉಳಿದಿದೆ, ಬೆರಳು ಎಲ್ಲಿ ಅವಸರ ಮಾಡಿದೆ ಎಲ್ಲವೂ ಕಾಣುತ್ತದೆ. ಹೀಗೆ ಸೀಳಿಸುವ ಗುರು ಸಿಕ್ಕರೆ ಬಿಡಬೇಡಿ. ಸೀಳಿದ ಮಣ್ಣು ವ್ಯರ್ಥವಲ್ಲ. ಪೂರ್ತಿ ಒಣಗಿಸಿ ನೀರಿಗೆ ಹಾಕಿದರೆ ತಾನೇ ಕರಗಿ ಮತ್ತೆ ಮಣ್ಣಾಗುತ್ತದೆ. ಅರೆತೇವವಾಗಿರುವಾಗ ಹಾಕಿದರೆ ಅಷ್ಟು ಚೆನ್ನಾಗಿ ಕರಗುವುದಿಲ್ಲ.

ಇನ್ನೊಂದು ಮನವಿ. ತರಗತಿಗೆ ಸೇರಿದ ಮೇಲೆ, ಬಿಡುವು ಮಾಡಿಕೊಂಡು ಕುಲಕಸುಬಿನ ಕುಂಬಾರರ ಕೆಲಸವನ್ನು ನೋಡಿ ಬನ್ನಿ. ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ಅಜ್ಜ ಒಬ್ಬರು ಮಡಕೆ ಮಾಡುವುದನ್ನು ನೋಡುತ್ತ ಒಂದು ಬೆಳಗು ಪೂರ್ತಿ ಕುಳಿತಿದ್ದೆ. ಕೋಲಿನಿಂದ ತಿರುಗಿಸಿದ ತಿಗರಿಯ ಮೇಲೆ ಅವರು ಮಾಡಿದ್ದು ಬಾಯಿ, ಕೊರಳು ಮತ್ತು ದಪ್ಪ ಗೋಡೆ ಮಾತ್ರ. ಮಡಕೆಗೆ ತಳವೇ ಇರಲಿಲ್ಲ. ನೆರಳಿನಲ್ಲಿ ಸ್ವಲ್ಪ ಆರಿದ ಮೇಲೆ ಅದನ್ನು ಮಡಿಲಿಗೆ ತೆಗೆದುಕೊಂಡು, ಒಳಗಿನಿಂದ ದುಂಡುಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ಹೊಟ್ಟೆ ಉಬ್ಬಿಸಿ, ಕೊನೆಗೆ ತಳ ಮುಚ್ಚಿದರು. "ಸದ್ದು ಕೇಳು ಮಗ, ದಪ್ಪ ಇರುವ ಕಡೆ ಮಂಕಾಗಿ ಕೇಳುತ್ತದೆ" ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಸಲೀಸಾಗಿ ಆಡುತ್ತೇವೆ. ಆ ವರುಷ ಏನೆಂಬುದು ಅಲ್ಲಿ ಕಾಣುತ್ತದೆ. ಸೌದೆ, ಹುಲ್ಲಿನ ಉರಿಯಲ್ಲಿ ಬೆಂದ ಆ ಮಡಕೆಗೆ ಸ್ಟುಡಿಯೋದ ಶಾಖ ತಗಲುವುದಿಲ್ಲ, ಗ್ಲೇಜೂ ಇಲ್ಲ. ಹಾಗಾಗಿ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ, ನೀರು ಜಿನುಗಿ ಆರುತ್ತದೆ, ಆರುವಾಗ ಒಳಗಿನ ನೀರನ್ನು ತಂಪು ಮಾಡುತ್ತದೆ. ನೀವು ಮಾಡಿದ ಗ್ಲೇಜ್ ಹೂಜಿ ಎಷ್ಟು ಚೆಂದವಿದ್ದರೂ ಈ ಕೆಲಸ ಮಾಡದು. ಹೋದಾಗ ಬರಿಗೈಯಲ್ಲಿ ಬರಬೇಡಿ, ಚೌಕಾಸಿ ಮಾಡದೆ ಒಂದೆರಡು ಮಡಕೆ ಕೊಂಡು ತನ್ನಿ. ಅವರ ಒಂದು ಬೆಳಗಿನ ದುಡಿಮೆಯನ್ನು ನಾವು ತಡೆದಿರುತ್ತೇವೆ.

ಆರೋಗ್ಯದ ಮಾತು ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ನೆಲವನ್ನು ಪೊರಕೆಯಿಂದ ಗುಡಿಸುವ ಸ್ಟುಡಿಯೋ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವ ಕಡೆ ಸೇರಿ. ಊಟದ ಪಾತ್ರೆಗೆ ಹಚ್ಚುವ ಗ್ಲೇಜಿನಲ್ಲಿ ಸೀಸ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಬೆನ್ನಿಗಾಗಿ, ಕೂರುವ ಮಣೆಯನ್ನು ತಿಗರಿಯ ಮಟ್ಟಕ್ಕೆ ಎತ್ತರಿಸಿಕೊಳ್ಳಿ. ನಮ್ಮ ವಯಸ್ಸಿನವರಿಗೆ ಇದು ಮುಖ್ಯ. ಉಗುರು ಕತ್ತರಿಸಿ, ಉಂಗುರ ಮನೆಯಲ್ಲಿಡಿ.

ಮೂರನೆಯ ಪ್ರಶ್ನೆಗೆ: ತಿಗರಿ ಈಗಲೇ ಕೊಳ್ಳಬೇಡಿ. ತಿಗರಿ ಬಂದರೂ ಆವಿಗೆ ಇರುವುದಿಲ್ಲ, ಮಾಡಿದ್ದನ್ನು ಸುಡಲು ಮತ್ತೆ ಯಾರದೋ ಬಾಗಿಲಿಗೆ ಹಸಿ ಪಾತ್ರೆ ಹೊತ್ತು ಹೋಗಬೇಕು, ದಾರಿಯಲ್ಲಿ ಅರ್ಧ ಒಡೆಯುತ್ತವೆ. ಮನೆಯಲ್ಲಿ ಒಂದು ಹಲಗೆ, ದಪ್ಪ ಬಟ್ಟೆ, ಸ್ಪಂಜು, ಕತ್ತರಿಸುವ ತಂತಿ, ಒಂದು ಚೀಲ ಮಣ್ಣು ಇದ್ದರೆ ಕೈಯಿಂದ ಮಾಡುವ ಕೆಲಸವನ್ನೆಲ್ಲ ಮಾಡಬಹುದು. ಕೈ ತೊಳೆದ ಕೆಸರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನ ನೀರು ಚೆಲ್ಲಿ.

ನೀವು ನೋಡಿಟ್ಟಿರುವ ಎರಡು ತರಗತಿಗಳಲ್ಲಿ ಸುಡುವ ದಿನ ಕಲಿಯುವವರನ್ನು ಜೊತೆಗೆ ನಿಲ್ಲಿಸಿಕೊಳ್ಳುವುದು ಯಾವುದು ಎಂದು ವಿಚಾರಿಸಿ ಇಲ್ಲಿಯೇ ಬರೆಯಿರಿ. ಎರಡೂ ಕಡೆ ಜೊತೆಗೆ ನಿಲ್ಲಲು ಬಿಡುವುದಾದರೆ ಮನೆಗೆ ಹತ್ತಿರವಿರುವುದಕ್ಕೆ ಸೇರಿ.