ಹಳೇ ಗ್ರೀಸಿನ ಹೆಂಗಸರ ಪೆಪ್ಲಾಸ್ ಹೊಲಿಗೆಯೇ ಇಲ್ಲದೆ ಮೈಮೇಲೆ ಹೇಗೆ ನಿಲ್ಲುತ್ತಿತ್ತು?

ಎರಡು ಪಿನ್ನು, ಒಂದು ಸೊಂಟಪಟ್ಟಿ, ಅಷ್ಟೇ. ಪೆಪ್ಲಾಸ್ ಅಂದರೆ ಮಗ್ಗದಿಂದ ಇಳಿಸಿದ ಉದ್ದನೆಯ ಉಣ್ಣೆ ಬಟ್ಟೆ. ಅದರ ಮೇಲಂಚನ್ನು ಹೊರಕ್ಕೆ ಮಡಚಿ, ಮೈಸುತ್ತ ತಂದು, ಎರಡೂ ಹೆಗಲ ಮೇಲೆ ಹಿಂದಿನ ಪದರವನ್ನು ಮುಂದಿನದಕ್ಕೆ ಸೇರಿಸಿ ಪಿನ್ ಚುಚ್ಚುತ್ತಿದ್ದರು. ಭಾರವೆಲ್ಲ ಹೆಗಲಿಗೆ. ಉದ್ದ ಜಾಸ್ತಿಯಾದರೆ ಸೊಂಟಪಟ್ಟಿಯ ಮೇಲಕ್ಕೆ ಸ್ವಲ್ಪ ಎಳೆದು ಇಳಿಬಿಟ್ಟರಾಯಿತು. ಮನೆಯಲ್ಲೇ ನೂತು, ನೇಯ್ದ ಬಟ್ಟೆ ಅದು, ಅಷ್ಟು ಕಷ್ಟಪಟ್ಟ ಮೇಲೆ ಕತ್ತರಿ ಹಾಕಿ ಚೂರು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಆ ಪಿನ್ನುಗಳೂ ಸುಮ್ನೆ ಅಲ್ಲ. ಅಥೆನ್ಸಿನವರು ಈಜಿನಾ ದ್ವೀಪದ ಮೇಲೆ ನಡೆಸಿದ ದಂಡಯಾತ್ರೆಯಿಂದ ಒಬ್ಬನೇ ಬದುಕಿ ಬಂದವನನ್ನು ಅಥೆನ್ಸಿನ ಹೆಂಗಸರು, 'ನನ್ನ ಗಂಡ ಎಲ್ಲಿ' ಎಂದು ಕೇಳುತ್ತ, ಇವುಗಳಿಂದಲೇ ಚುಚ್ಚಿ ಕೊಂದರಂತೆ, ಆಮೇಲೆ ಅವರಿಗೆ ಪಿನ್ ಬೇಡದ ಲಿನನ್ ಉಡುಪು ಕಿಟಾನ್ ಬಂತಂತೆ. ಇದು ಹಳೇ ಗ್ರೀಸಿನ ಇತಿಹಾಸಕಾರ ಹೆರೊಡೊಟಸ್ ಹೇಳಿದ ಕಥೆ.