ಪೊರೆ ತೆಗೆದು ಲೆನ್ಸ್ ಹಾಕದೆ ಬಿಟ್ಟ ಕಣ್ಣಿಗೆ ಈಗ ಲೆನ್ಸ್ ಕೂರಿಸಬಹುದೇ?

ನಿಮ್ಮ ತಂದೆಯವರ ಬಲಗಣ್ಣಿನ ಪೊರೆ ತೆಗೆಯುವಾಗ ಲೆನ್ಸನ್ನು ಹಿಡಿದಿಡುವ ಒಳಗಿನ ತೆಳು ಚೀಲ ಹರಿಯಿತು, ಲೆನ್ಸ್ ಹಾಕದೆ ಬಿಟ್ಟರು, ಎಂಟು ತಿಂಗಳಾಯಿತು, ತಡವಾಯಿತೇನೋ ಎಂದು ಚಿತ್ರದುರ್ಗದಿಂದ ಕೇಳಿದ್ದೀರಿ. ಎಂಟು ತಿಂಗಳು ಏನೂ ಅಲ್ಲ. ನನ್ನ ಎಡಗಣ್ಣು ಲೆನ್ಸಿಲ್ಲದೆ ಇಪ್ಪತ್ತಾರು ವರ್ಷ ಇತ್ತು. ಆಮೇಲೆ ಕೂರಿಸಿದರು. ನಾನು ಡಾಕ್ಟರಲ್ಲ, ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಲೆಕ್ಕ ಬರೆಯುವವನು. ಅನುಭವಿಸಿದ್ದು, ಕೇಳಿ ತಿಳಿದಿದ್ದು ಹೇಳುತ್ತೇನೆ.

ಹದಿಮೂರನೇ ವಯಸ್ಸಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಕಣ್ಣಿಗೆ ಬಡಿಯಿತು. ಒಳಗಿನ ಲೆನ್ಸ್ ಹಾಲಿನ ಹಾಗೆ ಬೆಳ್ಳಗಾಯಿತು. ಅದನ್ನು ತೆಗೆದರು, ಅಷ್ಟೇ. ಆಮೇಲೆ ಆ ಕಣ್ಣಿಗೆ ಬೆಳಕು, ಬಣ್ಣ ಎಲ್ಲಾ ಇತ್ತು, ಅಂಚು ಮಾತ್ರ ಯಾವುದಕ್ಕೂ ಇರಲಿಲ್ಲ. ಒಂದು ತಮಾಷೆ ಹೇಳುತ್ತೇನೆ: ಬಲಗಣ್ಣಲ್ಲಿ ಬಿಳಿಯಾಗಿ ಕಂಡ ಪಂಚೆ ಎಡಗಣ್ಣಲ್ಲಿ ನೀಲಿ ಹಾಕಿ ಒಗೆದಂತೆ ಕಾಣುತ್ತಿತ್ತು. ಹುಟ್ಟಿನಿಂದ ಬಂದ ಲೆನ್ಸ್ ನೇರಳಾತೀತ ಕಿರಣವನ್ನೂ ಸ್ವಲ್ಪ ನೀಲಿಯನ್ನೂ ತಡೆಯುತ್ತದಂತೆ. ಅದು ಹೋದರೆ ಹೀಗೆ.

ಕನ್ನಡಕ ಸಾಲದೇ ಎಂದು ನಿಮ್ಮ ಮನೆಯಲ್ಲಿ ಯಾರೋ ಹೇಳಿದ್ದಾರೆ ಎಂದಿರಿ. ನಮ್ಮಜ್ಜಿಗೆ ಸಾಕಾಗಿತ್ತು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಕ್ಯಾಂಪ್ ಮಾಡುತ್ತಿದ್ದ ಕಾಲ ಅದು. ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು, ಪ್ಲಸ್ 10ರ ಆಸುಪಾಸಿನ ಪವರ್. ಅಜ್ಜಿಗೆ ಪಕ್ಕದಿಂದ ಬಂದವರು ಇದ್ದಕ್ಕಿದ್ದಂತೆ ಎದುರಿಗೆ ಹುಟ್ಟಿದ ಹಾಗೆ ಕಾಣುತ್ತಿದ್ದರು, ಆದರೂ ಅಕ್ಕಿ ಆರಿಸುತ್ತಿದ್ದಳು. ಅವಳದು ಎರಡೂ ಕಣ್ಣು ಒಂದೇ ಥರ ಆಗಿತ್ತು, ಅದಕ್ಕೇ ನಡೆಯಿತು. ನಿಮ್ಮ ತಂದೆಯವರಿಗೆ ಇನ್ನೊಂದು ಕಣ್ಣು ಚೆನ್ನಾಗಿದೆ ಅಲ್ವಾ? ಆ ದಪ್ಪ ಗಾಜಿನಲ್ಲಿ ವಸ್ತು ಕಾಲು ಪಾಲಿಗೂ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಒಂದು ಕಣ್ಣಿಗೆ ದೊಡ್ಡ ಬಸ್ಸು, ಇನ್ನೊಂದಕ್ಕೆ ಚಿಕ್ಕ ಬಸ್ಸು. ಮೆದುಳು ಎರಡನ್ನೂ ಕೂಡಿಸಲಾರದು. ನಾನು ಹಾಕಿಕೊಂಡು ಎರಡೇ ದಿನಕ್ಕೆ ಕಿತ್ತಿಟ್ಟೆ.

ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ. ನನಗೆ ಚೆನ್ನಾಗೇ ಕಾಣುತ್ತಿತ್ತು. ಆದರೆ ಭಟ್ಟಿಯ ಹೊಗೆ, ಹೊಟ್ಟಿನ ಧೂಳಿನಲ್ಲಿ ಮಧ್ಯಾಹ್ನದೊಳಗೆ ಕಣ್ಣು ಮೆಣಸಿನಕಾಯಿ ಆಗುತ್ತಿತ್ತು. ವಯಸ್ಸಾದವರ ಬೆರಳಿಗೆ ಅದನ್ನು ದಿನಾ ಹಾಕಿ ತೆಗೆಯುವುದೂ ಕಷ್ಟ.

ಈಗ ಮುಖ್ಯ ಮಾತು. ಯಾವ ಕಂಪನಿ ಲೆನ್ಸ್ ಎಂದು ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿನೊಳಗೆ ಏನು ಉಳಿದಿದೆ ಎಂದು ಕೇಳಿ. ಚೀಲದ ಹಿಂಭಾಗ ಹರಿದಿದ್ದರೂ ಮುಂದಿನ ಅಂಚು ಗಟ್ಟಿಯಾಗಿದ್ದರೆ ಅದರ ಮೇಲೆಯೇ ಲೆನ್ಸ್ ಕೂರಿಸುತ್ತಾರೆ. ಅದು ಸುಲಭದ ದಾರಿ. ಅದೂ ಇಲ್ಲದಿದ್ದರೆ ಏಡಿಯ ಕೊಂಡಿಯಂತೆ ಐರಿಸನ್ನೇ, ಅಂದರೆ ಕಣ್ಣಿನ ಬಣ್ಣದ ಪದರವನ್ನೇ, ಕಚ್ಚಿ ಹಿಡಿಯುವ ಲೆನ್ಸ್ ಇದೆ. ಇಲ್ಲವೇ ಕಣ್ಣಿನ ಬಿಳಿ ಗೋಡೆಗೆ ಲೆನ್ಸಿನ ಅಂಚಿಗಿರುವ ಕಡ್ಡಿಯಂಥ ಎರಡು ಕಾಲುಗಳನ್ನು ಸಿಕ್ಕಿಸುತ್ತಾರೆ. ಮೊದಲು ಹೊಲಿಗೆ ಹಾಕುತ್ತಿದ್ದರು. ಆ ದಾರ ವರ್ಷಗಳ ಮೇಲೆ ಸವೆದು ತುಂಡಾಗುವುದುಂಟು. 2007ರಲ್ಲಿ ಚೆನ್ನೈನ ಡಾ. ಅಮರ್ ಅಗರ್ವಾಲ್ ಹೊಲಿಗೆಯ ಬದಲು ಕಾಲುಗಳನ್ನು ಗೋಡೆಯೊಳಗೆ ತೂರಿಸಿ ಅಂಟು ಹಾಕುವ ವಿಧಾನ ತಂದರು. ಜಪಾನಿನ ಯಮಾನೆ ಅವರದು ಇನ್ನೊಂದು: ಕಾಲಿನ ತುದಿಗೆ ಶಾಖ ಕೊಟ್ಟು ಗುಂಡಿಯಂತೆ ಉಬ್ಬಿಸುವುದು, ಜಾರುವುದಿಲ್ಲ. ನನಗೆ ಅಂಟಿನದು ಮಾಡಿದರು.

ಅದಕ್ಕೂ ಮೊದಲು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಪದರದ ಜೀವಕೋಶಗಳನ್ನು ಎಣಿಸಿದರು, ಕಣ್ಣಿನ ಒತ್ತಡ ನೋಡಿದರು, ಕಣ್ಣಿನ ಹಿಂಗೋಡೆಯ ಪರದೆಯಾದ ರೆಟಿನಾ ಪರೀಕ್ಷೆ ಮಾಡಿದರು. ರೆಟಿನಾ ಕೆಟ್ಟಿದ್ದರೆ ಎಂಥ ಲೆನ್ಸ್ ಹಾಕಿಯೂ ಅಷ್ಟಕ್ಕಷ್ಟೇ. ಹಾಗಾಗಿ ರೆಟಿನಾ ಡಾಕ್ಟರ್ ಇರುವ ಕಡೆಗೇ ಹೋಗಿ. ಇದು ಮಾಮೂಲಿ ಪೊರೆ ಆಪರೇಷನ್‌ಗಿಂತ ದೊಡ್ಡದು. ರೆಟಿನಾ ಕಳಚಿಕೊಳ್ಳುವುದು, ಒತ್ತಡ ಏರುವುದು, ಲೆನ್ಸ್ ಓರೆಯಾಗುವುದು, ಎಲ್ಲಾ ಸಾಧ್ಯ. ಮನೆಗೆ ಬಂದ ಮೇಲೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆ ಸುರಿದರೆ, ಪರದೆ ಇಳಿದಂತೆ ಕಂಡರೆ ನಾಳೆ ಎನ್ನಬೇಡಿ, ಅವತ್ತೇ ಹೋಗಿ.

ನನಗೀಗ ದೂರದ್ದು ಸಣ್ಣ ನಂಬರಿನ ಕನ್ನಡಕದಲ್ಲಿ ಕಾಣುತ್ತದೆ. ಲೆಕ್ಕದ ಪುಸ್ತಕಕ್ಕೆ ಓದುವ ಕನ್ನಡಕ ಬೇಕೇ ಬೇಕು, ಹಾಕಿದ ಲೆನ್ಸ್ ಹತ್ತಿರ-ದೂರಕ್ಕೆ ತಾನಾಗಿ ಬಾಗುವುದಿಲ್ಲ. ಆದರೆ ಟೀ ಬಗ್ಗಿಸುವಾಗ ಲೋಟದ ಹೊರಗೆ ಸುರಿಯುವುದು ನಿಂತಿತು. ಇಪ್ಪತ್ತಾರು ವರ್ಷ ಅದನ್ನು ನನ್ನ ಅಜಾಗರೂಕತೆ ಎಂದೇ ಮನೆಯವರು ಬೈದಿದ್ದರು.

ಹೊರಡುವ ಮೊದಲು ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಹುಡುಕಿಡಿ. ಚೀಲ ಎಷ್ಟು ಉಳಿದಿದೆ ಎಂದು ಅದರಲ್ಲಿ ಬರೆದಿರಬಹುದು. ಇಲ್ಲದಿದ್ದರೆ ಮಾಡಿದವರ ಹತ್ತಿರವೇ ಹೋಗಿ ಬರೆಸಿಕೊಳ್ಳಿ. ಜಗಳವಾಡಬೇಡಿ, ಸುಮ್ನೆ ಕೇಳಿ. ಚೀಲ ಹರಿಯುವುದು ನುರಿತವರ ಕೈಯಲ್ಲೂ ಆಗುತ್ತದೆ.